ಶೇ 65ರ ಬ್ಲಾಕ್: ಸ್ಟೆಂಟ್‌ಗೆ ಮೊದಲು ರಕ್ತದ ಹರಿವನ್ನು ಅಳೆಯಬೇಕೇ?

ಪ್ರಶ್ನೆ: ಬ್ರಹ್ಮಾವರದ ಮಗಳು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ 64 ವರ್ಷ. ಹೈಸ್ಕೂಲಿನಲ್ಲಿ ಗಣಿತ ಅಧ್ಯಾಪಕರಾಗಿದ್ದು ನಿವೃತ್ತರಾದವರು; ಈಗ ಬ್ರಹ್ಮಾವರದ ಹತ್ತಿರ ಮನೆಯ ಅಡಿಕೆ ತೋಟ ನೋಡಿಕೊಂಡಿದ್ದಾರೆ. ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇದೆ, ಉಬ್ಬಸವೂ ಇದೆ. ಮಳೆಗಾಲದಲ್ಲಿ ಇನ್‌ಹೇಲರ್ ಇಲ್ಲದೆ ನಡೆಯುವುದಿಲ್ಲ. ಕಳೆದ ಬೇಸಿಗೆಯಿಂದ ತೋಟದಿಂದ ಅಂಗಳಕ್ಕೆ ಏರಿ ಬರುವಾಗ ಎದೆಯ ನಡುವೆ ಒತ್ತಿ ಹಿಡಿದಂತಾಗುತ್ತದೆ ಎನ್ನುತ್ತಾರೆ. ದರೆಗೆ ಕೈಕೊಟ್ಟು ಸ್ವಲ್ಪ ಹೊತ್ತು ನಿಂತರೆ ಬಿಟ್ಟುಹೋಗುತ್ತದೆ. ಕುಳಿತಿರುವಾಗಲಾಗಲಿ, ರಾತ್ರಿ ಮಲಗಿರುವಾಗಲಾಗಲಿ ನೋವು ಬಂದದ್ದಿಲ್ಲ.

ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಟಿಎಂಟಿ ಪರೀಕ್ಷೆಯಲ್ಲಿ ಇಸಿಜಿ ಬದಲಾವಣೆ ಕಂಡದ್ದರಿಂದ ಆಂಜಿಯೋಗ್ರಾಂ ಮಾಡಿಸಿದೆವು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಎಲ್‌ಎಡಿ ರಕ್ತನಾಳದ ನಡುಭಾಗದಲ್ಲಿ ಶೇ 65, ಎಡಬದಿಯ ಇನ್ನೊಂದು ನಾಳದ ಓಎಂ ಕವಲಿನಲ್ಲಿ ಶೇ 70, ಬಲಬದಿಯ ಆರ್‌ಸಿಎಯಲ್ಲಿ ಶೇ 50 ಎಂದು ವರದಿ ಬಂದಿದೆ. ಎಕೋದಲ್ಲಿ ಹೃದಯದ ಪಂಪಿಂಗ್ ಸರಿಯಾಗಿದೆ. ಆಂಜಿಯೋಗ್ರಾಂ ಮಾಡಿದ ಆಸ್ಪತ್ರೆಯಲ್ಲಿ ತಂದೆಯವರು ಇನ್ನೂ ಮೇಜಿನ ಮೇಲಿರುವಾಗಲೇ ನಮ್ಮನ್ನು ಒಳಗೆ ಕರೆದು, ಮೂರು ಕಡೆ ಬ್ಲಾಕ್ ಇದೆ, ಈಗಲೇ ಮೂರು ಸ್ಟೆಂಟ್ ಹಾಕಿಬಿಡುವುದು ಒಳ್ಳೆಯದು, ಸಹಿ ಮಾಡಿ ಎಂದರು. ಅಮ್ಮ ಒಪ್ಪಲಿಲ್ಲ, ಯೋಚಿಸಲು ಸಮಯ ಕೇಳಿ ಮನೆಗೆ ಕರೆದುಕೊಂಡು ಬಂದೆವು. ಆಮೇಲೆ ಮಂಗಳೂರಿನಲ್ಲಿ ಇನ್ನೊಬ್ಬ ಹೃದ್ರೋಗ ತಜ್ಞರಿಗೆ ಸಿ.ಡಿ. ತೋರಿಸಿದಾಗ ಅವರು, ಈ ಮೂರರಲ್ಲಿ ಯಾವುದು ನಿಜವಾಗಿ ರಕ್ತದ ಹರಿವನ್ನು ತಡೆಯುತ್ತಿದೆ ಎಂಬುದನ್ನು ಎಫ್‌ಎಫ್‌ಆರ್ ತಂತಿ ಹಾಕಿ ಅಳೆಯಬೇಕು, ಅಳೆಯದೆ ಸ್ಟೆಂಟ್ ಬೇಡ ಎಂದಿದ್ದಾರೆ.

ತಂದೆಯವರ ಪ್ರಶ್ನೆ ಇದು: ಚಿತ್ರದಲ್ಲಿ ಇಕ್ಕಟ್ಟು ಕಣ್ಣಿಗೇ ಕಾಣುತ್ತಿರುವಾಗ ಮತ್ತೆ ಅಳೆಯುವುದು ಏನನ್ನು? ಶೇ 65 ಎಂದರೆ ವ್ಯಾಸದ್ದೋ, ವಿಸ್ತೀರ್ಣದ್ದೋ? ನನ್ನ ಪ್ರಶ್ನೆ ಬೇರೆ. ಈ ಪರೀಕ್ಷೆಯಲ್ಲಿ ಕೊಡುವ ಔಷಧ ಉಬ್ಬಸ ಇರುವವರಿಗೆ ಆಗುವುದಿಲ್ಲ ಎಂದು ಓದಿದೆ, ಅದು ನಿಜವೇ? ಮತ್ತೆ ಅಳತೆ, ಎರಡನೆಯ ಅಭಿಪ್ರಾಯ ಎಂದು ಹೀಗೆ ದಿನ ಕಳೆಯುವುದರಿಂದ ಅವರಿಗೆ ಅಪಾಯವಾಗಬಹುದೇ? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಉತ್ತರ: ಕ್ಯಾತ್ ಲ್ಯಾಬ್ ತಂತ್ರಜ್ಞ, ಮಂಗಳೂರು

ನಮಸ್ಕಾರ ಅಕ್ಕ. ನಾನು ವೈದ್ಯನಲ್ಲ; ಆದರೆ ಈ ಅಳತೆ ನಡೆಯುವಾಗ ಒತ್ತಡದ ಪರದೆಯ ಮುಂದೆ ಕುಳಿತುಕೊಳ್ಳುವುದೇ ನನ್ನ ಕೆಲಸವಾದ್ದರಿಂದ, ಒಳಗೆ ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಚಿಕಿತ್ಸೆಯ ತೀರ್ಮಾನವನ್ನು ನಿಮ್ಮ ವೈದ್ಯರೇ ಹೇಳಬೇಕು.

ಆಂಜಿಯೋಗ್ರಾಂ ಮಾಡಿದ ಹಾಗೆಯೇ ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಕ್ಯಾತಿಟರ್ ಎಂಬ ತೆಳು ಕೊಳವೆ ಹೋಗುತ್ತದೆ. ಅದರೊಳಗಿಂದ ಹೋಗುವ ತಂತಿ 0.014 ಇಂಚು ದಪ್ಪದ್ದು, ಎಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಸ್ಟೆಂಟ್ ಹಾಕುವಾಗ ಬಳಸುವ ತಂತಿಯ ದಪ್ಪವೇ ಇದಕ್ಕೂ. ವ್ಯತ್ಯಾಸವೆಂದರೆ, ಇದರ ತುದಿಯಿಂದ ಸುಮಾರು 3 ಸೆಂಟಿಮೀಟರ್ ಹಿಂದೆ ಒತ್ತಡವನ್ನು ಗ್ರಹಿಸುವ ಸಣ್ಣ ಸೆನ್ಸರ್ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ನಾಳ ಸೆಟೆದುಕೊಳ್ಳದಂತೆ ನೈಟ್ರೊಗ್ಲಿಸರಿನ್ ಕೊಟ್ಟ ಮೇಲೆ, ಸೆನ್ಸರನ್ನು ಕ್ಯಾತಿಟರಿನ ಬಾಯಿಯ ಹತ್ತಿರ ನಿಲ್ಲಿಸಿ ಎರಡೂ ಒತ್ತಡಗಳು ಒಂದೇ ಎಂಬುದನ್ನು ಖಚಿತಪಡಿಸಿಕೊಳ್ಳುತ್ತೇವೆ. ಪರದೆಯಲ್ಲಿ ಕೆಂಪು ಗೆರೆಯೂ ಹಸಿರು ಗೆರೆಯೂ ಒಂದರ ಮೇಲೊಂದು ಕೂತು, ಅನುಪಾತ 1.00 ಎಂದು ತೋರಿಸಬೇಕು. ಆಮೇಲೆ ತಂತಿಯನ್ನು ಬ್ಲಾಕ್ ದಾಟಿಸಿ ಮುಂದಕ್ಕೆ ಒಯ್ಯುತ್ತಾರೆ. ಈಗ ಕೆಂಪು ಗೆರೆ ಮಹಾಧಮನಿಯ ಒತ್ತಡವನ್ನೂ ಹಸಿರು ಗೆರೆ ಬ್ಲಾಕಿನ ಆಚೆಗಿನ ಒತ್ತಡವನ್ನೂ ತೋರಿಸುತ್ತದೆ.

ಇನ್ನು ನೀವು ಕೇಳಿದ ಔಷಧ, ಅಡೆನೊಸಿನ್. ಇದು ಹೃದಯದ ಸ್ನಾಯುವಿನೊಳಗಿನ ಸೂಕ್ಷ್ಮ ನಾಳಗಳನ್ನೆಲ್ಲ ಅಗಲಿಸಿ, ಮನುಷ್ಯ ಏರು ಹತ್ತುವಾಗ ಬೇಕಾಗುವಷ್ಟು ಹರಿವನ್ನು ಮಲಗಿದಲ್ಲಿಯೇ ಉಂಟುಮಾಡುತ್ತದೆ. ರಕ್ತನಾಳದ ಮೂಲಕ ಕೊಡುವಾಗ ಸಾಮಾನ್ಯ ಪ್ರಮಾಣ ನಿಮಿಷಕ್ಕೆ ದೇಹತೂಕದ ಪ್ರತಿ ಕಿಲೋಗೆ 140 ಮೈಕ್ರೊಗ್ರಾಂ. ಕೊಡುತ್ತಿದ್ದಂತೆ ಎರಡು ಗೆರೆಗಳು ಒಂದರಿಂದ ಒಂದು ಬೇರೆಯಾಗತೊಡಗುತ್ತವೆ. ಮಹಾಧಮನಿಯಲ್ಲಿ ಸರಾಸರಿ ಒತ್ತಡ 90, ಬ್ಲಾಕಿನ ಆಚೆ 66 ಇದ್ದರೆ ಅನುಪಾತ 0.73. ಅದೇ ಎಫ್‌ಎಫ್‌ಆರ್. ಈ ಹೊತ್ತಿನಲ್ಲಿ ರೋಗಿಗೆ ಎದೆ ಬಿಗಿದಂತೆ, ಮುಖ ಬಿಸಿಯಾದಂತೆ, ಉಸಿರು ಕಟ್ಟಿದಂತೆ ಅನಿಸುವುದು ಸಹಜ. ಮೊದಲೇ ಹೇಳಿಟ್ಟರೆ ಯಾರೂ ಗಾಬರಿಯಾಗುವುದಿಲ್ಲ. ರಕ್ತದಲ್ಲಿ ಇದರ ಆಯುಸ್ಸು ಕೆಲವೇ ಸೆಕೆಂಡುಗಳಾದ್ದರಿಂದ, ನಿಲ್ಲಿಸಿದ ತುಸು ಹೊತ್ತಿನಲ್ಲಿಯೇ ಎಲ್ಲ ತಿಳಿಯಾಗುತ್ತದೆ. ಕೊನೆಗೆ ಸೆನ್ಸರನ್ನು ಕ್ಯಾತಿಟರಿನ ಬಾಯಿಗೆ ಮರಳಿ ತಂದು, ಅನುಪಾತ ಮತ್ತೆ 1.00ಕ್ಕೆ ಬರುತ್ತದೆಯೇ ಎಂದು ನೋಡುತ್ತೇವೆ. 0.03ಕ್ಕಿಂತ ಹೆಚ್ಚು ಸರಿದಿದ್ದರೆ ಆ ಅಳತೆಯನ್ನು ನಂಬದೆ ಮತ್ತೊಮ್ಮೆ ಮಾಡಬೇಕು. ಎರಡು ನಿಮಿಷದ ಈ ಕೆಲಸವನ್ನು ಬಿಡಬಾರದು ಎಂಬುದು ನನ್ನ ಖಂಡಿತ ಅಭಿಪ್ರಾಯ, ಏಕೆಂದರೆ 0.80ರ ಗಡಿಯ ಎರಡು ಬದಿಗಿರುವ 0.79 ಮತ್ತು 0.82ರ ನಡುವೆ ಒಬ್ಬರ ಚಿಕಿತ್ಸೆಯೇ ಬದಲಾಗಬಹುದು.

ಉಬ್ಬಸದ ವಿಷಯದಲ್ಲಿ ನೀವು ಓದಿದ್ದು ಸರಿ. ಅಡೆನೊಸಿನ್ ಶ್ವಾಸನಾಳಗಳನ್ನು ಬಿಗಿಯಬಲ್ಲದು. ಉಬ್ಬಸ ಜೋರಾಗಿರುವವರಿಗೆ ಅದನ್ನು ನಿರಂತರವಾಗಿ ಕೊಡುವುದನ್ನು ವೈದ್ಯರು ತಪ್ಪಿಸುತ್ತಾರೆ. ಆದರೆ ಅದರಿಂದ ಅಳತೆಯೇ ಸಾಧ್ಯವಿಲ್ಲ ಎಂದಾಗುವುದಿಲ್ಲ. ಯಾವ ಔಷಧವನ್ನೂ ಕೊಡದೆ, ಹೃದಯ ಸಡಿಲಗೊಂಡಿರುವ ಕ್ಷಣದಲ್ಲಿ, ಅದರಲ್ಲಿಯೂ ನಾಳದೊಳಗೆ ತಡೆ ಸ್ಥಿರವಾಗಿ ಕಡಿಮೆ ಇರುವ ಅವಧಿಯಲ್ಲಿ ಒತ್ತಡವನ್ನು ಹೋಲಿಸುವ ಐಎಫ್‌ಆರ್ ಎಂಬ ವಿಧಾನವಿದೆ. ಅದರಲ್ಲಿ ಗಡಿ 0.89. 2017ರಲ್ಲಿ ಪ್ರಕಟವಾದ ಎರಡು ದೊಡ್ಡ ಅಧ್ಯಯನಗಳಲ್ಲಿ, ಒಂದರಲ್ಲಿ 2,492 ಮಂದಿ, ಇನ್ನೊಂದರಲ್ಲಿ 2,037 ಮಂದಿ, ಒಂದು ವರ್ಷದ ಫಲಿತಾಂಶ ಎಫ್‌ಎಫ್‌ಆರ್‌ಗಿಂತ ಕಳಪೆಯಾಗಿರಲಿಲ್ಲ. ನಿಮ್ಮ ತಜ್ಞರ ಹತ್ತಿರ ಇದನ್ನೇ ನೇರವಾಗಿ ಕೇಳಿ.

ಇನ್ನೊಂದು ಮಾತು. ಉಬ್ಬಸಕ್ಕೆಂದು ತಂದೆಯವರು ಡೆರಿಫಿಲ್ಲಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಬೇಕು. ಅದರಲ್ಲಿರುವ ಥಿಯೊಫಿಲಿನ್ ಅಡೆನೊಸಿನ್‌ನ ಕೆಲಸಕ್ಕೆ ಅಡ್ಡಬರುತ್ತದೆ. ಕಾಫಿ, ಚಹಾಗಳಲ್ಲಿರುವ ಕೆಫೀನ್ ಕೂಡ ಅದೇ ಗುಂಪಿನದು. ಸೂಕ್ಷ್ಮ ನಾಳಗಳು ಪೂರ್ತಿ ಅಗಲವಾಗದಿದ್ದರೆ ಅನುಪಾತ ಇರುವುದಕ್ಕಿಂತ ಹೆಚ್ಚು ಬರುತ್ತದೆ, ನಿಜವಾಗಿ ತೊಂದರೆ ಕೊಡುತ್ತಿರುವ ಬ್ಲಾಕ್ ಸಾಧಾರಣದ್ದೆಂದು ಕಾಣಿಸಿಕೊಳ್ಳುತ್ತದೆ.

ಉತ್ತರ: ನಿವೃತ್ತ ವೈದ್ಯಶಿಕ್ಷಕ, ಮಣಿಪಾಲ

ನಿಮ್ಮ ತಂದೆಯವರು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಆದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆಂಜಿಯೋಗ್ರಾಂ ವರದಿಯಲ್ಲಿ ಬರೆಯುವ ಶೇಕಡಾ ವ್ಯಾಸದ್ದು. ವ್ಯಾಸ ಶೇ 50 ಕುಗ್ಗಿದರೆ ರಕ್ತ ಹಾಯುವ ವಿಸ್ತೀರ್ಣ ಶೇ 75 ಕುಗ್ಗಿರುತ್ತದೆ. ಶೇ 65 ಕುಗ್ಗಿದ್ದರೆ ವಿಸ್ತೀರ್ಣ ಸುಮಾರು ಶೇ 88 ಹೋಗಿರುತ್ತದೆ. ಇಷ್ಟು ಕೇಳಿದರೆ ಗಾಬರಿಯಾಗಬಹುದು. ಆದರೆ ಈ ಲೆಕ್ಕ ಇಕ್ಕಟ್ಟಿನ ಆಕಾರದ್ದೇ ಹೊರತು ಹರಿವಿನದ್ದಲ್ಲ. ಇಕ್ಕಟ್ಟಿನ ಉದ್ದ, ಅದು ದುಂಡಗಿದೆಯೋ ಚಪ್ಪಟೆಯೋ ಎಂಬುದು, ಆ ನಾಳ ಎಷ್ಟು ಸ್ನಾಯುವಿಗೆ ರಕ್ತ ಉಣಿಸುತ್ತದೆ, ಪಕ್ಕದ ನಾಳಗಳಿಂದ ಸಹಾಯಕ ಕವಲುಗಳು ಬೆಳೆದಿವೆಯೇ ಎಂಬುದು, ಇವೆಲ್ಲ ಸೇರಿ ಹರಿವನ್ನು ನಿರ್ಧರಿಸುತ್ತವೆ. ಮತ್ತು ಇವುಗಳಲ್ಲಿ ಹೆಚ್ಚಿನವು ಎಕ್ಸ್-ರೇ ನೆರಳಿನಲ್ಲಿ ಕಾಣುವುದಿಲ್ಲ. ಅದರ ಮೇಲೆ ಶೇಕಡಾ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಕಣ್ಣಂದಾಜಿನಲ್ಲಿಯೇ ಹೇಳುವುದು. ಒಬ್ಬರು 60 ಎಂದದ್ದನ್ನು ಇನ್ನೊಬ್ಬರು 75 ಎನ್ನುವುದು ಅಪರೂಪವಲ್ಲ.

ತೋಟ ಇರುವ ಮನೆಯವರಾದ್ದರಿಂದ ಹೀಗೆ ಹೇಳುತ್ತೇನೆ. ಪಂಪಿನ ಮುಖ್ಯ ಪೈಪು ಎಲ್ಲೋ ಒಂದು ಕಡೆ ಅದುಮಿಹೋಗಿದ್ದರೂ, ಒಂದೆರಡು ಸ್ಪ್ರಿಂಕ್ಲರ್ ಮಾತ್ರ ತೆರೆದಿರುವಾಗ ನೀರು ಚೆನ್ನಾಗಿಯೇ ಹಾರುತ್ತದೆ. ಎಲ್ಲವನ್ನೂ ಒಟ್ಟಿಗೆ ತೆರೆದಾಗ ಮಾತ್ರ ಕೊನೆಯ ಸಾಲಿನದು ಸೋತುಬೀಳುತ್ತದೆ. ಹೃದಯದಲ್ಲಿಯೂ ಹಾಗೆಯೇ ಎಂಬುದನ್ನು ಲ್ಯಾನ್ಸ್ ಗೌಲ್ಡ್ ಮತ್ತು ಸಂಗಡಿಗರು 1974ರಲ್ಲಿ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ತೋರಿಸಿದರು. ವಿಶ್ರಾಂತಿಯಲ್ಲಿರುವಾಗಿನ ಹರಿವು, ವ್ಯಾಸ ಸುಮಾರು ಶೇ 85 ಕುಗ್ಗುವ ತನಕ ಕಡಿಮೆಯಾಗುವುದಿಲ್ಲ. ಏಕೆಂದರೆ ಮುಂದಿನ ಸೂಕ್ಷ್ಮ ನಾಳಗಳು ಅಗಲವಾಗಿ ಕೊರತೆಯನ್ನು ತುಂಬಿಕೊಳ್ಳುತ್ತವೆ. ಗರಿಷ್ಠ ಹರಿವಾದರೋ ಶೇ 50ರ ಸುಮಾರಿಗೇ ಇಳಿಯಲು ಶುರುವಾಗುತ್ತದೆ. ನಿಮ್ಮ ತಂದೆಯವರಿಗೆ ಕುಳಿತಾಗ ನೋವಿಲ್ಲದೆ ಏರು ಹತ್ತುವಾಗ ಮಾತ್ರ ಬರುವುದರ ಕಾರಣವೂ ಇದೇ.

ಹರಿವನ್ನು ಅಳೆಯಬೇಕೆಂದು ಒತ್ತಡವನ್ನು ಏಕೆ ಅಳೆಯುತ್ತಾರೆ ಎಂದು ಗಣಿತದ ಅಧ್ಯಾಪಕರು ಖಂಡಿತ ಕೇಳುತ್ತಾರೆ. ಹರಿವು ಎಂದರೆ ಒತ್ತಡವನ್ನು ತಡೆಯಿಂದ ಭಾಗಿಸಿದ್ದು. ಅಡೆನೊಸಿನ್ ಕೊಟ್ಟಾಗ ಸೂಕ್ಷ್ಮ ನಾಳಗಳ ತಡೆ ಆದಷ್ಟು ಕನಿಷ್ಠಕ್ಕೆ ಇಳಿದು ಸ್ಥಿರವಾಗುವುದರಿಂದ, ಭಾಗಾಕಾರದ ಕೆಳಗಿನ ಸಂಖ್ಯೆ ಎರಡೂ ಕಡೆ ಒಂದೇ ಆಗಿ ಹೊಡೆದುಹೋಗುತ್ತದೆ. ಉಳಿಯುವ ಒತ್ತಡಗಳ ಅನುಪಾತವೇ ಹರಿವುಗಳ ಅನುಪಾತವಾಗುತ್ತದೆ. ಎಫ್‌ಎಫ್‌ಆರ್ 0.73 ಎಂದರೆ, ಆ ಬ್ಲಾಕ್ ಇಲ್ಲದಿದ್ದರೆ ಆ ಸ್ನಾಯುವಿಗೆ ಸಿಗಬಹುದಾಗಿದ್ದ ಗರಿಷ್ಠ ರಕ್ತದಲ್ಲಿ ಈಗ ಶೇ 73 ಮಾತ್ರ ಸಿಗುತ್ತಿದೆ ಎಂದರ್ಥ. ಇಷ್ಟು ಸರಳವಾದ, ಎಲ್ಲರಿಗೂ ಒಂದೇ ಆರೋಗ್ಯಮಾನ 1.00 ಇರುವ ಅಳತೆ ನಮ್ಮ ಶಾಸ್ತ್ರದಲ್ಲಿ ಹೆಚ್ಚಿಲ್ಲ. ನಿಕೊ ಪೈಲ್ಸ್ ಮತ್ತು ಬರ್ನಾರ್ಡ್ ಡಿ ಬ್ರೂಯ್ನ ಇದನ್ನು 1990ರ ದಶಕದಲ್ಲಿ ರೂಪಿಸಿದರು. 1996ರ ಅವರ ಪ್ರಬಂಧದಲ್ಲಿ ಗಡಿ 0.75 ಇತ್ತು, ಈಗ ರೂಢಿಯಲ್ಲಿರುವುದು 0.80.

ನಿಮ್ಮ ತಂದೆಯವರಿಗೆ ನೇರವಾಗಿ ತಾಗುವ ಅಂಕಿಗಳು ಫೇಮ್ ಅಧ್ಯಯನದಲ್ಲಿವೆ. ಅಮೆರಿಕ ಮತ್ತು ಯುರೋಪಿನ 20 ಕೇಂದ್ರಗಳಲ್ಲಿ, ಒಂದಕ್ಕಿಂತ ಹೆಚ್ಚು ನಾಳಗಳಲ್ಲಿ ಬ್ಲಾಕ್ ಇದ್ದ 1,005 ಮಂದಿಯನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಚಿತ್ರ ನೋಡಿ ಸ್ಟೆಂಟ್ ಹಾಕಿದರು, ಇನ್ನೊಂದು ಪಾಲಿಗೆ ಎಫ್‌ಎಫ್‌ಆರ್ 0.80 ಅಥವಾ ಕಡಿಮೆ ಇದ್ದಲ್ಲಿ ಮಾತ್ರ ಹಾಕಿದರು. ಒಬ್ಬರಿಗೆ ಸರಾಸರಿ 2.7 ಸ್ಟೆಂಟ್ ಇದ್ದದ್ದು ಅಳತೆಯ ಪಾಲಿನಲ್ಲಿ 1.9ಕ್ಕೆ ಇಳಿಯಿತು. ಒಂದು ವರ್ಷದೊಳಗೆ ಸಾವು, ಹೃದಯಾಘಾತ ಅಥವಾ ಮತ್ತೆ ಚಿಕಿತ್ಸೆಯ ಅಗತ್ಯ ಉಂಟಾದವರು ಶೇ 18.3ರಿಂದ ಶೇ 13.2ಕ್ಕೆ ಇಳಿದರು. ಕಡಿಮೆ ಸ್ಟೆಂಟ್ ಹಾಕಿಸಿಕೊಂಡವರೇ ಹೆಚ್ಚು ಚೆನ್ನಾಗಿದ್ದರು. 2009ರಲ್ಲಿ ಇದು ಪ್ರಕಟವಾದ ಮೇಲೆ ಮುಂದಿನ ವರ್ಷ ಅದೇ ರೋಗಿಗಳ ಅಳತೆಗಳನ್ನು ಚಿತ್ರಗಳೊಂದಿಗೆ ಹೋಲಿಸಿ ನೋಡಿದರು. ಕಣ್ಣಿಗೆ ಶೇ 50ರಿಂದ 70 ಎಂದು ಕಂಡ ಬ್ಲಾಕ್‌ಗಳಲ್ಲಿ ಹರಿವಿಗೆ ನಿಜವಾಗಿ ಅಡ್ಡಿಯಾಗಿದ್ದವು ಶೇ 35 ಮಾತ್ರ. 71ರಿಂದ 90ರಲ್ಲಿ ಶೇ 80. 90ಕ್ಕಿಂತ ಮೇಲಿನವುಗಳಲ್ಲಿ ಶೇ 96. ಮೂರೂ ನಾಳಗಳಲ್ಲಿ ರೋಗವಿದೆ ಎಂದು ಚಿತ್ರದಲ್ಲಿ ಕಂಡವರಲ್ಲಿ, ಅಳೆದಾಗ ಮೂರೂ ನಾಳಗಳು ನಿಜವಾಗಿ ಅಡ್ಡಿಪಡಿಸುತ್ತಿದ್ದದ್ದು ಶೇ 14 ಮಂದಿಯಲ್ಲಿ. ನಿಮ್ಮ ವರದಿಯ 65, 70, 50 ಮೂರೂ ಆ ಮೊದಲನೆಯ ಗುಂಪಿನವು. ಅಂದರೆ ಕಣ್ಣು ಅತ್ಯಂತ ಹೆಚ್ಚು ಸೋಲುವ ಜಾಗದಲ್ಲಿಯೇ ಅವರಿದ್ದಾರೆ. ಮಂಗಳೂರಿನ ತಜ್ಞರು ಹೇಳಿದ್ದು ಈ ಕಾರಣಕ್ಕೆ ಸರಿ.

ಅಳೆದು ಸ್ಟೆಂಟ್ ಬೇಡವೆಂದು ಬಿಟ್ಟರೆ ಮುಂದೆ ಅಪಾಯವಾಗದೇ ಎಂಬ ಭಯ ಸಹಜ. ಡಿಫರ್ ಎಂಬ ಅಧ್ಯಯನದಲ್ಲಿ ಎಫ್‌ಎಫ್‌ಆರ್ 0.75 ಅಥವಾ ಹೆಚ್ಚು ಇದ್ದವರನ್ನು 15 ವರ್ಷ ಹಿಂಬಾಲಿಸಿದರು. ಸ್ಟೆಂಟ್ ಹಾಕಿಸಿಕೊಳ್ಳದವರಲ್ಲಿ ಹೃದಯಾಘಾತ ಶೇ 2.2, ಅನಗತ್ಯವಾಗಿ ಬಲೂನು ಅಥವಾ ಸ್ಟೆಂಟ್ ಚಿಕಿತ್ಸೆ ಪಡೆದವರಲ್ಲಿ ಶೇ 10. ಸಾವಿನ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳಬೇಕು, ಇದನ್ನು ಈ ತನಕ ಯಾರೂ ನಿಮ್ಮ ಹತ್ತಿರ ಮಾತಾಡಿದಂತೆ ಕಾಣುವುದಿಲ್ಲ. ತಂದೆಯವರಿಗೆ ಸಕ್ಕರೆ ಕಾಯಿಲೆ ಇದೆ. ಅಳೆದಾಗ ಮೂರೂ ನಾಳಗಳು 0.80ಕ್ಕಿಂತ ಕೆಳಗೆ ಬಂದರೆ, ಆಗ ಮೂರು ಸ್ಟೆಂಟ್ ಹಾಕುವುದೇ ಸರಿಯಾದ ದಾರಿಯೆಂದು ತಿಳಿಯಬಾರದು. ಸಕ್ಕರೆ ಕಾಯಿಲೆಯೊಂದಿಗೆ ಹಲವು ನಾಳಗಳಲ್ಲಿ ರೋಗವಿರುವವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಹೆಚ್ಚು ಒಳ್ಳೆಯದೆಂದು 2012ರ ಫ್ರೀಡಂ ಅಧ್ಯಯನ ತೋರಿಸಿತು. ಸಕ್ಕರೆ ಕಾಯಿಲೆ ಇರಲಿ ಇಲ್ಲದಿರಲಿ, ಮೂರು ನಾಳಗಳ ರೋಗದಲ್ಲಿ ಎಫ್‌ಎಫ್‌ಆರ್ ನೋಡಿ ಹಾಕಿದ ಸ್ಟೆಂಟ್ ಬೈಪಾಸ್‌ಗೆ ಸರಿಸಮವೆಂದು ಸಾಬೀತುಪಡಿಸಲು 2022ರ ಫೇಮ್ 3ಕ್ಕೆ ಆಗಲಿಲ್ಲ. ಒಂದು ವರ್ಷದಲ್ಲಿ ತೊಂದರೆಗಳು ಸ್ಟೆಂಟ್ ಪಾಲಿನಲ್ಲಿ ಶೇ 10.6, ಬೈಪಾಸ್ ಪಾಲಿನಲ್ಲಿ ಶೇ 6.9 ಇದ್ದವು. ಆದ್ದರಿಂದ ಈ ಅಳತೆಯ ಪ್ರಯೋಜನ ಸ್ಟೆಂಟ್ ಹಾಕಬೇಕೋ ಬೇಡವೋ ಎಂಬುದಕ್ಕೆ ಮುಗಿಯುವುದಿಲ್ಲ. ಮಾತ್ರೆ ಸಾಕೇ, ಒಂದು ಸ್ಟೆಂಟ್ ಬೇಕೇ, ಶಸ್ತ್ರಚಿಕಿತ್ಸಕರೊಡನೆ ಮಾತನಾಡಬೇಕೇ ಎಂಬ ಮೂರು ದಾರಿಗಳಲ್ಲಿ ನೀವು ಯಾವುದರ ಮೇಲಿದ್ದೀರಿ ಎಂಬುದು ಇದರಿಂದ ತಿಳಿಯುತ್ತದೆ.

ಉತ್ತರ: ಕುಂದಾಪುರದ ಓದುಗ

ಮೇಲಿನ ಇಬ್ಬರ ಬಗ್ಗೆ ಗೌರವವಿಟ್ಟುಕೊಂಡೇ ಸ್ವಲ್ಪ ಬೇರೆ ಮಾತು ಹೇಳುತ್ತೇನೆ. ನಮ್ಮ ಭಾವನವರಿಗೆ ಎಲ್‌ಎಡಿಯಲ್ಲಿ ಶೇ 95 ಬ್ಲಾಕ್ ಇತ್ತು. ಯಾವ ಅಳತೆಯೂ ಇಲ್ಲದೆ ಸ್ಟೆಂಟ್ ಹಾಕಿದರು, ಈಗ ಆರಾಮವಾಗಿ ಓಡಾಡಿಕೊಂಡಿದ್ದಾರೆ. ಒತ್ತಡದ ತಂತಿ ಒಬ್ಬರಿಗೆ ಒಮ್ಮೆ ಮಾತ್ರ ಬಳಸುವ ವಸ್ತು, ಬೆಲೆಯೂ ಹಗುರವಲ್ಲ. 2017ರ ಫೆಬ್ರವರಿಯಲ್ಲಿ ಸರಕಾರ ಸ್ಟೆಂಟಿನ ಬೆಲೆಗೆ ಮಿತಿ ಹಾಕಿತು. ಆದರೆ ಕುಟುಂಬದವರು ಕಟ್ಟುವ ಬಿಲ್ಲಿನಲ್ಲಿ ಸ್ಟೆಂಟ್ ಒಂದು ಸಾಲು ಮಾತ್ರ. ಮತ್ತೊಮ್ಮೆ ದಾಖಲಾಗುವುದು, ಮತ್ತೊಮ್ಮೆ ಚಿತ್ರಕ್ಕಾಗಿ ನಾಳಕ್ಕೆ ಬಿಡುವ ಡೈ, ಅದರಿಂದ ಕಿಡ್ನಿಗೆ ಭಾರ, ಇವನ್ನೆಲ್ಲ ಸಾಮಾನ್ಯ ಮನೆಯವರು ಲೆಕ್ಕ ಹಾಕಲೇಬೇಕಾಗುತ್ತದೆ. ಎದೆನೋವು ಇದೆ, ಟಿಎಂಟಿ ಹೇಳಿದೆ, ಆಂಜಿಯೋಗ್ರಾಂ ಹೇಳಿದೆ. ಇನ್ನೂ ಒಂದು ಸಾಕ್ಷಿ ಬೇಕೇ?

ಉತ್ತರ: ನಿವೃತ್ತ ವೈದ್ಯಶಿಕ್ಷಕ, ಮಣಿಪಾಲ

ನಿಮ್ಮ ಭಾವನವರಿಗೆ ಅಳತೆ ಮಾಡದೆ ಇದ್ದದ್ದು ಸರಿಯೇ. ಶೇ 95ರ ಇಕ್ಕಟ್ಟಿನಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ; ಹೃದಯಾಘಾತ ಆಗುತ್ತಿರುವವರಿಗೆ ಅದಕ್ಕೆ ಕಾರಣವಾದ ನಾಳವನ್ನು ತೆರೆಯಲು ಕೂಡ ಯಾರೂ ಅಳತೆಗೆ ಕಾಯಬಾರದು. ನಾವು ಇಲ್ಲಿ ಮಾತಾಡುತ್ತಿರುವುದು ಸ್ಥಿರವಾದ, ಅಂದರೆ ಶ್ರಮಪಟ್ಟಾಗ ಮಾತ್ರ ಬಂದು ನಿಂತರೆ ಹೋಗುವ ನೋವು ಇರುವವರ ಮಧ್ಯಮ ಪ್ರಮಾಣದ ಬ್ಲಾಕ್‌ಗಳ ಬಗ್ಗೆ.

ಖರ್ಚಿನ ಮಾತನ್ನು ನಾನು ಬದಿಗೆ ಸರಿಸುವುದಿಲ್ಲ. ವಿಮೆಯಲ್ಲಾಗಲಿ ಸರಕಾರದ ಯೋಜನೆಯಲ್ಲಾಗಲಿ ತಂತಿಯ ಖರ್ಚು ಸೇರುತ್ತದೆಯೇ ಎಂಬುದನ್ನು ದಾಖಲಾಗುವ ಮೊದಲೇ ಬರಹದಲ್ಲಿ ಕೇಳಿ ತಿಳಿದುಕೊಳ್ಳಬೇಕು. ಆದರೆ ತಂತಿಯ ಬೆಲೆಯ ಎದುರಿಗೆ ಇಡಬೇಕಾದದ್ದು ತಪ್ಪಬಹುದಾದ ಒಂದೋ ಎರಡೋ ಸ್ಟೆಂಟುಗಳ ಬೆಲೆಯನ್ನು ಮಾತ್ರವಲ್ಲ. ಪ್ರತಿಯೊಂದು ಸ್ಟೆಂಟಿನೊಂದಿಗೆ ರಕ್ತ ತೆಳುವಾಗಿಸುವ ಎರಡು ಮಾತ್ರೆಗಳು ತಿಂಗಳುಗಟ್ಟಲೆ ಬರುತ್ತವೆ, ಸ್ಟೆಂಟಿನೊಳಗೆ ಮತ್ತೆ ಕಟ್ಟಿಕೊಳ್ಳುವ ಸಣ್ಣ ಅಪಾಯ ಜೀವನಪೂರ್ತಿ ಉಳಿಯುತ್ತದೆ.

ಸಾಕ್ಷಿಯ ಬಗ್ಗೆ ಹೇಳುವುದಾದರೆ, ಹೃದಯದ ಎಲ್ಲಿಯೋ ರಕ್ತ ಸಾಲುತ್ತಿಲ್ಲ ಎಂದು ಟಿಎಂಟಿ ಹೇಳುತ್ತದೆ. ಮೂರರಲ್ಲಿ ಯಾವ ನಾಳದ್ದು ಎಂದು ಅದು ಹೇಳಲಾರದು. ಥಾಲಿಯಂ ಅಥವಾ ಟೆಕ್ನೀಶಿಯಂ ಸ್ಕ್ಯಾನ್, ಸ್ಟ್ರೆಸ್ ಎಕೋ ಮೊದಲಾದವು ಜಾಗವನ್ನು ಸ್ವಲ್ಪ ತೋರಿಸಬಲ್ಲವು. ಆದರೆ ಮೂರೂ ಕಡೆ ಸಮನಾಗಿ ಕೊರತೆ ಇದ್ದರೆ ಅಂಥ ಸ್ಕ್ಯಾನ್ ಕೆಲವೊಮ್ಮೆ ಏನೂ ಇಲ್ಲದಂತೆ ಕಾಣಿಸುತ್ತದೆ, ಏಕೆಂದರೆ ಅದು ಹೃದಯದ ಒಂದು ಭಾಗವನ್ನು ಇನ್ನೊಂದರೊಡನೆ ಹೋಲಿಸಿ ನೋಡುವ ವಿಧಾನ.

ಇನ್ನು ದಿನ ಕಳೆಯುವುದರ ಅಪಾಯ. 2020ರ ಇಸ್ಕೀಮಿಯಾ ಅಧ್ಯಯನದಲ್ಲಿ 37 ದೇಶಗಳ 5,179 ಮಂದಿ ಇದ್ದರು. ಸ್ಥಿರವಾದ ರೋಗವಿರುವವರಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡುವುದರಿಂದ, ಒಳ್ಳೆಯ ಔಷಧ ಚಿಕಿತ್ಸೆಯಿಂದ ಶುರುಮಾಡಿದವರಿಗಿಂತ ಸಾವು ಕಡಿಮೆಯಾಗಲಿಲ್ಲ. ಎದೆನೋವು ಮಾತ್ರ ಹೆಚ್ಚು ಚೆನ್ನಾಗಿ ಹತೋಟಿಗೆ ಬಂತು. ಎಡ ಮುಖ್ಯ ನಾಳದಲ್ಲಿ ಶೇ 50 ಅಥವಾ ಹೆಚ್ಚು ಬ್ಲಾಕ್ ಇದ್ದವರನ್ನೂ ಪಂಪಿಂಗ್ ಬಹಳ ಕುಗ್ಗಿದವರನ್ನೂ ಅದರಲ್ಲಿ ಸೇರಿಸಿಕೊಂಡಿರಲಿಲ್ಲ ಎಂಬುದನ್ನು ನೆನಪಿಡಬೇಕು. ನಿಮ್ಮ ತಂದೆಯವರ ವರದಿಯಲ್ಲಿ ಇವೆರಡೂ ಇಲ್ಲ. ಆದ್ದರಿಂದ ಆಸ್ಪಿರಿನ್, ಸ್ಟ್ಯಾಟಿನ್ ಮತ್ತು ನೋವಿನ ಔಷಧಗಳನ್ನು ತಪ್ಪದೆ ತೆಗೆದುಕೊಳ್ಳುತ್ತ ಕೆಲವು ದಿನ ಅಥವಾ ವಾರ ತೆಗೆದುಕೊಂಡು ಸರಿಯಾಗಿ ತೀರ್ಮಾನಿಸುವುದರಲ್ಲಿ ತಪ್ಪಿಲ್ಲ. ನೋವಿನ ಸ್ವಭಾವ ಬದಲಾದರೆ, ಅಂದರೆ ಸುಮ್ಮನೆ ಕುಳಿತಾಗ ಬಂದರೆ, ಹದಿನೈದು ಇಪ್ಪತ್ತು ನಿಮಿಷ ಬಿಡದಿದ್ದರೆ, ಬೆವರು ಕಿತ್ತುಕೊಂಡು ಬಂದರೆ, ಮೊದಲಿಗಿಂತ ಕಡಿಮೆ ದೂರ ನಡೆದಾಗಲೇ ಶುರುವಾದರೆ, ಆ ಕ್ಷಣ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಆಗ ಯಾವ ದಿನಾಂಕಕ್ಕೂ ಕಾಯಬಾರದು.

ಉತ್ತರ: ಮಲ್ಪೆಯ ಗೃಹಿಣಿ

ಈ ಚರ್ಚೆಯಲ್ಲಿ ನನ್ನಂಥವರ ಮಾತೂ ಸೇರಲಿ ಎಂದು ಬರೆಯುತ್ತಿದ್ದೇನೆ. ನನಗೆ 52 ವರ್ಷ. ಎದೆನೋವಿಗೆಂದು ಆಂಜಿಯೋಗ್ರಾಂ ಮಾಡಿದಾಗ ದೊಡ್ಡ ನಾಳಗಳೆಲ್ಲ ಶುಭ್ರವಾಗಿದ್ದವು. ಗ್ಯಾಸ್ ಎಂದರು, ಚಿಂತೆ ಎಂದರು, ಮನೆಯವರೂ ಹಾಗೆಯೇ ನಂಬಿದರು. ನೋವು ನನ್ನದಾಗಿಯೇ ಉಳಿಯಿತು. ಕೊನೆಗೆ ಬೆಂಗಳೂರಿನಲ್ಲಿ ಒಬ್ಬರು ವೈದ್ಯೆ ಅಂಥದೇ ತಂತಿಯಿಂದ ಒತ್ತಡದ ಜೊತೆಗೆ ಹರಿವಿನ ಮೀಸಲನ್ನೂ ಅಳೆದರು. ತಣ್ಣಗಿನ ಸಲೈನನ್ನು ನಾಳದೊಳಗೆ ಬಿಟ್ಟು, ಅದು ಸೆನ್ಸರನ್ನು ತಲುಪಲು ಎಷ್ಟು ಹೊತ್ತು ಬೇಕಾಗುತ್ತದೆ ಎಂದು ನೋಡುವ ವಿಧಾನವದು. ಅಡೆನೊಸಿನ್ ಕೊಟ್ಟಾಗ ಹರಿವು ವಿಶ್ರಾಂತಿಯ ಎರಡು ಪಟ್ಟಿಗೂ ಏರದಿದ್ದರೆ ಅದು ಸಹಜವಲ್ಲ. ನನ್ನದು ಅಷ್ಟಕ್ಕೂ ಏರಲಿಲ್ಲ. ಸೂಕ್ಷ್ಮ ನಾಳಗಳ ತಡೆಯ ಸೂಚ್ಯಂಕ 25 ದಾಟಬಾರದು, ನನ್ನದು ದಾಟಿತ್ತು. ಎಫ್‌ಎಫ್‌ಆರ್ ಮಾತ್ರ ಪೂರ್ತಿ ಸರಿಯಾಗಿತ್ತು. ಅಂದರೆ ನನ್ನ ತೊಂದರೆ ಚಿತ್ರದಲ್ಲಿ ಕಾಣದಷ್ಟು ಸಣ್ಣ ನಾಳಗಳಲ್ಲಿತ್ತು. ಅದಕ್ಕೆ ತಕ್ಕ ಮಾತ್ರೆಗಳು ಶುರುವಾದ ಮೇಲೆ ಮಾರುಕಟ್ಟೆಯಿಂದ ಮೀನಿನ ಚೀಲ ಹಿಡಿದು ನಡೆದೇ ಬರುತ್ತೇನೆ.

ಆದ್ದರಿಂದ ನಿಮ್ಮ ತಂದೆಯವರ ಎಫ್‌ಎಫ್‌ಆರ್ ಎಲ್ಲ ಕಡೆ ಚೆನ್ನಾಗಿ ಬಂದು, ನೋವು ಮಾತ್ರ ಉಳಿದರೆ, ಏನೂ ಇಲ್ಲ ಎಂದು ಯಾರಾದರೂ ಹೇಳಿದಾಗ ಒಪ್ಪಿಕೊಂಡು ಬಂದುಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಸಣ್ಣ ನಾಳಗಳ ತೊಂದರೆ ಇರುವುದುಂಟು ಎಂದು ಆ ವೈದ್ಯೆಯೇ ನನಗೆ ಹೇಳಿದ್ದರು.

ಪ್ರಶ್ನೆ ಕೇಳಿದವರಿಂದ: ಬ್ರಹ್ಮಾವರದ ಮಗಳು

ಎಲ್ಲರಿಗೂ ಮನಸಾರೆ ವಂದನೆಗಳು. ಉತ್ತರಗಳನ್ನು ತಂದೆಯವರಿಗೆ ಓದಿ ಹೇಳಿದೆ. ವಿಸ್ತೀರ್ಣದ ಲೆಕ್ಕವನ್ನು ಅವರೇ ಕಾಗದದ ಮೇಲೆ ಮಾಡಿ ನೋಡಿ, ಪರೀಕ್ಷೆಗೆ ಒಪ್ಪಿದ್ದಾರೆ. ಮಂಗಳೂರಿನ ತಜ್ಞರು ಮುಂದಿನ ವಾರ ಬರಲು ಹೇಳಿದ್ದಾರೆ. ಡೆರಿಫಿಲ್ಲಿನ್ ವಿಷಯ ಹೇಳಿದ್ದು ಬಹಳ ಉಪಕಾರವಾಯಿತು. ಅವರು ಅದನ್ನು ರಾತ್ರಿ ಹೊತ್ತು ತೆಗೆದುಕೊಳ್ಳುತ್ತಿದ್ದಾರೆ, ಯಾವ ವೈದ್ಯರ ಪಟ್ಟಿಯಲ್ಲಿಯೂ ಅದು ಬರೆದಿರಲಿಲ್ಲ.

ಎರಡು ಸಂದೇಹ ಉಳಿದಿವೆ. ಎಲ್‌ಎಡಿಯಲ್ಲಿ ಶೇ 65ರ ಜಾಗದಿಂದ ಕೆಳಗೆ ಇನ್ನೊಂದು ಸಣ್ಣ ಇಕ್ಕಟ್ಟು ಇದೆಯಂತೆ. ಒಂದೇ ನಾಳದಲ್ಲಿ ಎರಡಿದ್ದರೆ ಯಾವುದು ಕಾರಣ ಎಂದು ಹೇಗೆ ತಿಳಿಯುತ್ತದೆ? ಮತ್ತೆ, ಸಂಖ್ಯೆ 0.78 ಎಂಬಂತೆ ಗಡಿಯಲ್ಲಿ ಬಂದರೆ ಏನು ಮಾಡುತ್ತಾರೆ?

ಉತ್ತರ: ಕ್ಯಾತ್ ಲ್ಯಾಬ್ ತಂತ್ರಜ್ಞ, ಮಂಗಳೂರು

ಅಕ್ಕ, ಮೊದಲನೆಯದಕ್ಕೆ ಉತ್ತರ ಆ ತಂತಿಯಲ್ಲಿಯೇ ಇದೆ. ತಂತಿಯನ್ನು ನಾಳದ ಕೊನೆಯ ತನಕ ಒಯ್ದು, ಹರಿವು ಗರಿಷ್ಠದಲ್ಲಿರುವಾಗ ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾರೆ. ಒತ್ತಡ ಯಾವ ಜಾಗದಲ್ಲಿ ಥಟ್ಟನೆ ಮೇಲಕ್ಕೆ ಜಿಗಿಯುತ್ತದೆಯೋ ಅಲ್ಲಿಯ ಇಕ್ಕಟ್ಟೇ ದೊಡ್ಡ ಕಾರಣ. ಎರಡು ಕಡೆ ಜಿಗಿದರೆ, ದೊಡ್ಡ ಜಿಗಿತ ಇರುವುದಕ್ಕೆ ಮೊದಲು ಚಿಕಿತ್ಸೆ ಮಾಡಿ ಉಳಿದದ್ದನ್ನು ಮತ್ತೆ ಅಳೆಯುವುದು ರೂಢಿ, ಏಕೆಂದರೆ ಒಂದು ಇಕ್ಕಟ್ಟು ಇರುವ ತನಕ ಇನ್ನೊಂದರ ನಿಜವಾದ ಬಲ ಅಡಗಿರುತ್ತದೆ. ಜಿಗಿತವೇ ಇಲ್ಲದೆ ಉದ್ದಕ್ಕೂ ಸ್ವಲ್ಪ ಸ್ವಲ್ಪವೇ ಏರುತ್ತ ಬಂದರೆ, ರೋಗ ನಾಳದ ಉದ್ದಕ್ಕೂ ಹರಡಿದೆ ಎಂದರ್ಥ. ಅಂಥಲ್ಲಿ ಸ್ಟೆಂಟಿನಿಂದ ಸಿಗುವ ಲಾಭ ಕಡಿಮೆ. ಸಕ್ಕರೆ ಕಾಯಿಲೆಯವರಲ್ಲಿ ಈ ಎರಡನೆಯ ಬಗೆಯನ್ನು ನಾನು ಪರದೆಯಲ್ಲಿ ಆಗಾಗ ಕಾಣುತ್ತೇನೆ.

0.75ರಿಂದ 0.80ರ ನಡುವಿನದ್ದನ್ನು ವೈದ್ಯರು ಬೂದು ವಲಯ ಎನ್ನುತ್ತಾರೆ. ಅಲ್ಲಿ ಸಂಖ್ಯೆಯೊಂದೇ ತೀರ್ಮಾನ ಕೊಡುವುದಿಲ್ಲ. ಆ ನಾಳ ಎಷ್ಟು ದೊಡ್ಡ ಪ್ರದೇಶಕ್ಕೆ ರಕ್ತ ಒದಗಿಸುತ್ತದೆ, ಮಾತ್ರೆಯಲ್ಲಿ ನೋವು ಎಷ್ಟು ಹಿಡಿತಕ್ಕೆ ಬಂದಿದೆ, ಟಿಎಂಟಿಯಲ್ಲಿ ಎಷ್ಟು ಬೇಗ ಬದಲಾವಣೆ ಬಂತು ಎಂಬುದನ್ನೆಲ್ಲ ಕೂಡಿಸಿ ನೋಡುತ್ತಾರೆ. ಎಲ್‌ಎಡಿಯ ಮೇಲ್ಭಾಗದಲ್ಲಿ ಬಂದ 0.78ಕ್ಕೂ ಸಣ್ಣ ಓಎಂ ಕವಲಿನಲ್ಲಿ ಬಂದ 0.78ಕ್ಕೂ ಒಂದೇ ತೂಕ ಕೊಡುವುದಿಲ್ಲ. ಸಂಖ್ಯೆ ಎಷ್ಟು ಬಂದರೆ ಏನು ಮಾಡುತ್ತೀರಿ ಎಂಬುದನ್ನು ಒಳಗೆ ಹೋಗುವ ಮೊದಲೇ, ತಂದೆಯವರು ಎದುರಿಗಿರುವಾಗಲೇ ತಜ್ಞರ ಹತ್ತಿರ ಮಾತಾಡಿಕೊಳ್ಳಿ. ಮೂರೂ ಕೆಳಗೆ ಬಂದರೆ ಆ ದಿನ ಸ್ಟೆಂಟ್ ಹಾಕದೆ ಹೊರಗೆ ಬಂದು ಬೈಪಾಸ್ ಬಗ್ಗೆ ಯೋಚಿಸಲು ಸಮಯ ಬೇಕೆಂದು ನೀವು ಹೇಳಬಹುದು, ಅದು ನಿಮ್ಮ ಹಕ್ಕು.

ಬರುವ ದಿನ ಇನ್‌ಹೇಲರನ್ನು ಕೈಚೀಲದಲ್ಲಿ ತನ್ನಿ. ಡೆರಿಫಿಲ್ಲಿನ್ ಅನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು, ಅದರ ಬದಲಿಗೆ ಏನು ಕೊಡಬೇಕು ಎಂಬುದನ್ನು ತಜ್ಞರ ಹತ್ತಿರ ಫೋನಿನಲ್ಲಿಯಾದರೂ ಕೇಳಿ, ನೀವಾಗಿ ನಿಲ್ಲಿಸಬೇಡಿ. ಹಿಂದಿನ ದಿನದಿಂದ ಕಾಫಿ, ಚಹಾ ಬೇಡ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಅದನ್ನೂ, ಕಿಡ್ನಿಯ ಸ್ಥಿತಿ ತಿಳಿಸುವ ಇತ್ತೀಚಿನ ಕ್ರಿಯಾಟಿನಿನ್ ವರದಿಯನ್ನೂ ತೋರಿಸಿ, ಏಕೆಂದರೆ ಡೈ ಕೊಡುವ ಮೊದಲು ಇವೆರಡನ್ನೂ ನೋಡಬೇಕಾಗುತ್ತದೆ. ಹಳೆಯ ಆಂಜಿಯೋಗ್ರಾಂನ ಸಿ.ಡಿ. ಮರೆಯಬೇಡಿ, ಅದಿದ್ದರೆ ಯಾವ ಕೋನದಿಂದ ಚಿತ್ರ ತೆಗೆಯಬೇಕೆಂಬುದು ಮೊದಲೇ ಗೊತ್ತಾಗಿ ಡೈ ಕಡಿಮೆ ಸಾಕಾಗುತ್ತದೆ.